ಎಲೋಡಿಯಾಳ ತುಟಿಯಲ್ಲಿದ್ದ ಮಾತು

"ಗುದ್ದಲಿ ಹೊಸ್ತಿಲಾಚೆ ಇಡು," ಎನ್ನುತ್ತ ರೆಫುಹಿಯೊ ಗುಂಡಿ ತೋಡುವ ಚೆಮಾನನ್ನು ಬಾಗಿಲಲ್ಲೇ ತಡೆದಳು. "ಅಮ್ಮನ ಗುಂಡಿ ತೆಗೆಯೋದು ಬೇಡ. ಸ್ಮಶಾನದ ಗೋಡೆ ಪಕ್ಕ ಹೊಸದು ತೋಡು."

"ಅಮ್ಮನ ಮಗ್ಗುಲಲ್ಲೇ ಮಲಗಿಸಿ ಅಂತ ನಿಮ್ಮಕ್ಕ ಎಲೋಡಿಯಾ ಸಾಯೋ ಮುಂಚೆ ಕೇಳಿಕೊಂಡ್ರಂತಲ್ಲ, ಅಕ್ಕಾವ್ರೇ?"

"ಕೇಳಿದ್ಲು. ಅಮ್ಮನ ಮಣ್ಣಿಗೇ ಬರದೋಳಿಗೆ ಈಗ ಅಮ್ಮನ ಮಗ್ಗುಲು ಬೇಕಾ?"

ನೆರೆಮನೆಯ ತೋಮಾಸಾ ತೆರೆದ ಶವಪೆಟ್ಟಿಗೆಯ ಸುತ್ತ ಕೂತವರಿಗೆ ದಾಲ್ಚಿನ್ನಿ ಹಾಕಿದ ಕಾಫಿ ಹಂಚುತ್ತಿದ್ದಳು. ರೆಫುಹಿಯೊ ಚಿಕ್ಕಂದಿನಿಂದಲೂ ಎಲ್ಲರಿಗೂ ಕೂಕಾ. "ಬಿಡೇ ಕೂಕಾ. ನಿಮ್ಮಕ್ಕ ಅಂದ್ರೆ ಊರಿಗೂರೇ ಸಾಯ್ತಿತ್ತು. ನನ್ನ ಗಂಡ, ಆ ಮೂದೇವಿ, ಮದುವೆ ದಿನವೂ ಅವಳ ಫೋಟೊ ಜೇಬಲ್ಲಿಟ್ಕೊಂಡು ಬಂದಿದ್ದ!"

ಬೆಂಚಿನ ಮೇಲಿದ್ದ ಮುದುಕರು ಕಾಫಿಯೊಳಗೇ ನಕ್ಕರು. ರೆಫುಹಿಯೊ ನಗಲಿಲ್ಲ.

* * *

ಎಲೋಡಿಯಾಗೆ ಉಗ್ಗು. ಮೂಕಚಿತ್ರಕ್ಕೆ ಅದರ ಗೊಡವೆಯಿರಲಿಲ್ಲ. ಹತ್ತೊಂಬತ್ತಕ್ಕೆ ಮೆಕ್ಸಿಕೊ ನಗರದ ರೈಲು ಹತ್ತಿದವಳು ಐದೇ ವರ್ಷದಲ್ಲಿ ಏಳು ಚಿತ್ರ ಮಾಡಿದಳು. ಊರ ಹುಡುಗಿಯರು ಅವಳಂತೆ ಹುಬ್ಬು ತೀಡಿಕೊಂಡರು; ಬೇಕರಿಯವನು ಸಿಹಿ ಬನ್ನಿಗೆ ಅವಳ ಹೆಸರಿಟ್ಟ.

ಅಮ್ಮ ತೀರಿಕೊಂಡಾಗ ತಂತಿ ಕಳಿಸಿದರೂ ಅವಳು ಬರಲಿಲ್ಲ. ಮೂರು ತಿಂಗಳ ಮೇಲೆ ಊರಿಗೆ ಅವಳ ಹೊಸ ಚಿತ್ರ ಬಂತು. ಪ್ರಿಯಕರನ ಬಾಗಿಲಲ್ಲಿ ಕುಸಿದು ಅವಳು ಅತ್ತ ಅಳುವಿಗೆ ಚಿತ್ರಮಂದಿರವೇ ಬಿಕ್ಕಿತು. ಅಮ್ಮನನ್ನು ಮಣ್ಣು ಮಾಡಿದ ದಿನವೇ ಆ ದೃಶ್ಯ ತೆಗೆದದ್ದೆಂದು ಪತ್ರಿಕೆ ಹೊಗಳಿ ಬರೆದಿತ್ತು. ರೆಫುಹಿಯೊ ಅರ್ಧಕ್ಕೇ ಎದ್ದು ಬಂದಿದ್ದಳು.

ಮಾತಿನ ಚಿತ್ರಗಳು ಬಂದವು. ಮೊದಲ ದನಿ ಪರೀಕ್ಷೆಯಲ್ಲೇ ಎಲೋಡಿಯಾಳ ನಾಲಿಗೆ ಕೈಕೊಟ್ಟಿತು. ಊರಿಗೆ ಮರಳಿ ಅದೇ ಚಿತ್ರಮಂದಿರದ ಕಿಟಕಿಯಲ್ಲಿ ಕೂತು ಮೂವತ್ತು ವರ್ಷ ಟಿಕೆಟ್ ಹರಿದಳು. ಒಂದೇ ಸೂರಿನಡಿ ಅಕ್ಕತಂಗಿ ಉಪ್ಪು, ಸೌದೆಯ ಮಾತು ಬಿಟ್ಟು ಬೇರೆ ಆಡಲಿಲ್ಲ.

* * *

"ಸಿನಿಮಾದಲ್ಲಿ ಯಾವನಿಗೋ ಅಷ್ಟು ಅತ್ತಳು," ಎಂದಳು ರೆಫುಹಿಯೊ. "ಅಮ್ಮನಿಗೆ ಒಂದು ಹನಿ ಉಳಿಸಿರಲಿಲ್ಲ."

"ಯಾವನಿಗೋ ಅಲ್ಲ!"

ಎಲ್ಲರೂ ತಿರುಗಿದರು. ಚಪ್ಪಲಿ ಹೊಲಿಯುವ ಹಸಿಂತೊ. ಚಿಕ್ಕಂದಿನ ಜ್ವರದಲ್ಲಿ ಕಿವಿ ಹೋದವನು. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದ. ತನ್ನ ದನಿ ತನಗೆ ಕೇಳದೆ ಕೂಗುವಂತೆಯೇ ಆಡುತ್ತಿದ್ದ.

"ಆ ಚಿತ್ರ ಹನ್ನೊಂದು ಸಲ ನೋಡಿದೀನಿ. 'ನನ್ನ ಬಿಟ್ಟು ಹೋಗಬೇಡ ಪ್ರಿಯಾ' ಅಂತ ಪರದೆ ಮೇಲೆ ಬರೆದು ತೋರಿಸಿದ್ರು. ಎಲೋಡಿಯಾ ಅವರು ಆಡಿದ್ದು ಅದಲ್ಲ."

ರೆಫುಹಿಯೊ ಅವನ ಎದುರಿಗೇ ಬಂದು ನಿಂತು ತುಟಿ ಬಿಡಿಸಿ ಕೇಳಿದಳು: "ಮತ್ತೇನು?"

"'ಅಮ್ಮಾ, ಇವರು ಬಿಡ್ತಿಲ್ಲ. ಇವತ್ತೇ ಮುಗೀಬೇಕಂತೆ. ಕೂಕಾ, ಅಮ್ಮನ ಕಾಲು ಮುಚ್ಚೇ, ಅವಳಿಗೆ ಕಾಲು ಬೇಗ ತಣ್ಣಗಾಗುತ್ತೆ.' ಕೂಕಾ ಅನ್ನೋಕೆ ಮೂರು ಸಲ ತುಟಿ ಮುಂದೆ ಮಾಡಿದ್ರು. ಅಲ್ಲೂ ಉಗ್ಗು."

ತೋಮಾಸಾ ಕಾಫಿ ಜಗ್ಗು ಕೆಳಗಿಟ್ಟು ಅವನತ್ತ ತಿರುಗಿದಳು.

"ಇಷ್ಟು ವರ್ಷ ಯಾಕೋ ಬಾಯಿ ಬಿಡಲಿಲ್ಲ, ಪಾಪಿ?"

"ಟಿಕೆಟ್ ಕಿಟಕಿಯಲ್ಲಿ ಒಂದ್ಸಲ ಹೇಳಿದೆ. ಬಾಯಿ ಮೇಲೆ ಬೆರಳಿಟ್ರು. ತಂಗಿ ಅದನ್ನೂ ನಟನೆ ಅಂತಾಳೆ, ಬೇಡ ಅಂದ್ರು."

ಹೊರಗೆ ಚೆಮಾ ಗುದ್ದಲಿ ಹೆಗಲಿಗೇರಿಸಿದ ಸದ್ದಾಯಿತು.

"ಚೆಮಾ," ರೆಫುಹಿಯೊ ಕೂಗಿದಳು, "ಗೋಡೆ ಪಕ್ಕ ಬೇಡ. ಅಮ್ಮನದೇ ತೆಗಿ."

ಆಮೇಲೆ ಹೆಗಲ ಶಾಲು ತೆಗೆದು ಪೆಟ್ಟಿಗೆಯ ತುದಿಗೆ ಮೊಣಕಾಲೂರಿ ಕೂತಳು. ಅಕ್ಕನ ಕಾಲುಗಳನ್ನು ಅದರಲ್ಲಿ ಸುತ್ತಿದಳು. ಗಾಳಿ ನುಸುಳದಂತೆ ಎರಡೂ ಅಂಚನ್ನು ಅಡಿಗೆ ಒತ್ತಿದಳು. ಒಂದು ಕಡೆ ಸಡಿಲವೆನಿಸಿ, ಬಿಚ್ಚಿ ಮತ್ತೆ ಸುತ್ತತೊಡಗಿದಳು.