ಶೇವಂತೆವ್ವ ತಿದ್ದಿದ ಪಲ್ಲವಿ

ಹೊರ್ತಿಯ ಶೇವಂತೆವ್ವ ಕುರಿ ಕಾಯುತ್ತ ಹಾಡು ಕಲಿತವಳು. ಗಂಡ ಮಾಳಿಂಗಪ್ಪನ ಹೊಡೆತ ತಾಳದೆ ತವರಿಗೆ ಬಂದು ಆರು ವರ್ಷವಾಗಿತ್ತು. ತೊಂಬತ್ತೆಂಟರಲ್ಲಿ ಸಿಂದಗಿಯ ಕ್ಯಾಸೆಟ್ ಅಂಗಡಿಯ ರಾಚಪ್ಪ ಅವಳ ದನಿ ಮೆಚ್ಚಿ, ರೆಕಾರ್ಡಿಂಗಿಗೆ ಕರೆಸಿ, ಧಾಟಿ ಕೇಳಿಸಿ, ಹಾಡಿನ ಹಾಳೆ ಕೈಗಿತ್ತ. ಶೇವಂತೆವ್ವ ಅಕ್ಷರ ಕೂಡಿಸಿ ಓದಿದಳು: "ಹೊಡದರೂ ನೀನ ನನ್ನ ದೇವರು."

"ಇದನ್ನ ನಾ ಹಾಡಂಗಿಲ್ರಿ, ಸಾವ್ಕಾರ್ರ."

"ಜನಕ್ಕ ಇಂಥಾದ್ದ ಬೇಕವ್ವ. ನೀ ಒಲ್ಲೆಂದ್ರ ಬ್ಯಾರೆದಾಕಿನ್ನ ಕರಸ್ತೇನಿ."

"ಕರಸ್ರಿ. ನನ್ನ ಬಾಯಾಗಂತೂ ಈ ಮಾತು ಬರೂದಿಲ್ಲ. ಬರೂದು ಇದು ನೋಡ್ರಿ," ಎಂದವಳೇ ಅದೇ ಧಾಟಿಯಲ್ಲಿ ದನಿಯೆತ್ತಿ ಹಾಡಿದಳು: "ಹೊಡದಾವ ದೇವರಲ್ಲ, ಹೊಸ್ತಿಲ ದಾಟಿ ಬಂದೇನಿ."

ಢೋಲಕಿಯವನ ಕೈ ತಾನಾಗಿ ತಾಳ ಹಿಡಿಯಿತು. ರಾಚಪ್ಪ ಅವಳ ಕೈಯಿಂದ ಹಾಳೆ ವಾಪಸ್ ತಗೊಂಡು, "ಮಷಿನ್ ಚಾಲೂ ಮಾಡ್ರಿ" ಎಂದ.

ದೀಪಾವಳಿ ಹೊತ್ತಿಗೆ ಇಂಡಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ ಆ ಹಾಡೇ ಹಾಡು. ಕಳೆ ತೆಗೆಯುವ ಹೆಣ್ಣುಮಕ್ಕಳ ಬಾಯಲ್ಲೂ ಅದೇ. ಅದು ಕಿವಿಗೆ ಬಿದ್ದು ಮಾಳಿಂಗಪ್ಪ ಸಿಟ್ಟಿನಿಂದ ಹೊರ್ತಿಗೆ ಬಂದ.

"ಮಂದಿ ನನ್ನ ನೋಡಿ ನಗಾಕತ್ತಾರ. ಆ ಹಾಡು ಬಂದ್ ಮಾಡಸು!"

"ಅದರಾಗ ನಿನ್ನ ಹೆಸರ ಹೇಳಿಲ್ಲಲ್ಲ. ಮತ್ತ ಈ ಕಡೆ ಬಂದಿ ಅಂದ್ರ ಮುಂದಿನ ಕ್ಯಾಸೆಟ್‌ನ್ಯಾಗ ಹೇಳ್ತೇನಿ," ಎಂದಳು ಶೇವಂತೆವ್ವ.

ಮಾಳಿಂಗಪ್ಪ ಬಂದ ದಾರಿ ಹಿಡಿದ.