ಕರಿಬಂಡೆಯ ಈಚೆಗೆ

“ಮೂರು ತಿಮಿಂಗಿಲ, ಗುರುಗಳೇ! ಒಂದಲ್ಲ, ಎರಡಲ್ಲ, ಮೂರು. ನನ್ನ ದೋಣೀನ ಬೆನ್ನ ಮೇಲೆ ಹೊತ್ಕೊಂಡು, ಮದುಮಗನ್ನ ಮೆರವಣಿಗೆ ಮಾಡೋ ಹಾಗೆ, ಕರಿಬಂಡೆ ದಾಟಿಸಿಬಿಟ್ಟವು. ನಡುವಿನದಕ್ಕೆ ಮಾತ್ರ ಸ್ವಲ್ಪ ನೆಗಡಿ. ಅದು ಸೀನಿದ ರಭಸಕ್ಕೆ ನಾನೂ ಸೂಜೀನೂ ಇನ್ನೂ ಒಂದು ಹರದಾರಿ ಮುಂದೆ ಹೋಗಿ ಬಿದ್ವಿ.”

“ತಿಮಿಂಗಿಲಕ್ಕೆ ಕಷಾಯ ಕಾಸಿ ಕೊಟ್ಯೇನೋ, ಸೊನ್ನೆ?” ಎಂದಳು ಹಿಂದಿನಿಂದ ಉಪ್ಪಜ್ಜಿ. ಊರಿನ ಮೀನಿಗೆಲ್ಲ ಉಪ್ಪು ಹಾಕುವವಳು ಅವಳೇ.

ಬೇರೆ ದಿನವಾಗಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ನನ್ನ ಕಾಲ ಬುಡದಲ್ಲಿ, ಬಂದರಿನ ಕಟ್ಟೆಯ ಮೇಲೆ, ಅಗಲವಾದ ಹಲಗೆಯೊಂದರ ಮೇಲೆ, ಹಾಯಿ ಹೊಲಿಯುವ ಸೂಜಿ ಹೆಣವಾಗಿ ಮಲಗಿದ್ದ. ತಾನೇ ಹೊಲಿದ ಹಾಯಿಬಟ್ಟೆಯನ್ನು ಕತ್ತಿನವರೆಗೆ ಹೊದ್ದಿದ್ದ. ಚಳಿ ಎಂಥದ್ದೆಂದರೆ ಕಡಲಹಕ್ಕಿಗಳೆಲ್ಲ ಅವತ್ತು ನಡೆದುಕೊಂಡೇ ಓಡಾಡುತ್ತಿದ್ದವು. ರೆಕ್ಕೆ ಎತ್ತಿದರೆ ಕಂಕುಳಿಗೆ ಗಾಳಿ ಹೊಕ್ಕೀತೆಂದು. ಸುಳ್ಳಾದರೆ ಉಪ್ಪಜ್ಜಿಯನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ.

ನನಗೆ ಸೊನ್ನೆ ಎಂಬ ಹೆಸರನ್ನು ಊರೇ ಕಟ್ಟಿತು. ಹತ್ತು ಮೀನು ಹಿಡಿದರೆ ನೂರು ಎನ್ನುತ್ತೇನಂತೆ, ಎಲ್ಲದಕ್ಕೂ ಒಂದು ಸೊನ್ನೆ ಸೇರಿಸುತ್ತೇನಂತೆ. ಹೊಟ್ಟೆಕಿಚ್ಚಿನ ಮಾತು. ನನ್ನಷ್ಟು ಸತ್ಯವಂತ ಈ ಹಿಮದ ಕಡಲಿನ ಏಳು ದಡಗಳಲ್ಲೂ ಸಿಗುವುದಿಲ್ಲ.

ಇನ್ನು ನಮ್ಮ ನಾಡಿನ ಕಟ್ಟಳೆ. ನಮ್ಮನ್ನು ಆಳುವುದು ಗುರುಮನೆ. ಗಾಳಿ ಯಾವ ಕಡೆ ಬೀಸಬೇಕೆಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಲ್ಲಿಯೇ ತೀರ್ಮಾನವಾಗುತ್ತದೆ. ಇಡೀ ಮನೆ ಒಂದೇ ಬಿರುಗಾಳಿಗೆ ಮುಗಿದುಹೋಗಬಾರದೆಂದು ಪ್ರತಿ ಮನೆಯಲ್ಲೂ ಒಬ್ಬ ಗಂಡಸು ನೀರಿಗಿಳಿಯದೆ ಉಳಿಯಬೇಕು. ಅವನು ದಡದವ. ಬಂದರಿನ ಬಾಯಲ್ಲಿ ಕರಿಬಂಡೆಯಿದೆ. ಅದನ್ನು ಒಮ್ಮೆಯಾದರೂ ದಾಟಿದವನನ್ನು ಸತ್ತ ಮೇಲೆ ಕಡಲಿಗೆ ಬಿಡುತ್ತಾರೆ. ದಾಟದವನನ್ನು ಗುಡ್ಡದ ಮಣ್ಣಿಗೆ ಒಯ್ಯುತ್ತಾರೆ. ದಡದವನು ಕದ್ದು ದಾಟಿದ್ದರೂ ಸರಿ, ಸತ್ತ ಮೇಲೆ ಅವನು ಕಡಲಿನವನೇ. ಆದರೆ ಕಂಡವರೊಬ್ಬರು ಹೆಣದ ಮುಂದೆ ನಿಂತು ಹೇಳಬೇಕು.

ಸೂಜಿ ದಡದವ. ಅವನ ಒಬ್ಬನೇ ಮಗ ಕಡಲಿಗೆ ಹೋದವನು ಕಡಲಲ್ಲೇ ಉಳಿದಿದ್ದ.

ಬೆಳಿಗ್ಗೆ ಹೆಣಕ್ಕೆ ಬಟ್ಟೆ ಹೊದಿಸುವಾಗ ಸೂಜಿಯ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದಿದ್ದಳು. “ಅಣ್ಣಾ, ಮಗ ನೀರಲ್ಲಿದಾನೆ. ಇವರನ್ನ ಅವನ ಹತ್ರ ಕಳಿಸ್ಬೇಕು. ಅಷ್ಟು ವರ್ಷದ ಸ್ನೇಹ ನಿಮ್ದು. ಯಾರಿಗೂ ಗೊತ್ತಾಗದ ಹಾಗೆ ಒಂದ್ಸಲನಾದ್ರೂ ಇವರನ್ನ ಆಚೆ ಕರ್ಕೊಂಡು ಹೋಗಿರ್ತೀರಿ, ಅಲ್ವಾ?”

“ಒಂದ್ಸಲಾನಾ? ನೂರು ಸಲ!” ಎಂದಿದ್ದೆ ನಾನು.

ಸಾವಿನ ಮನೆಯಲ್ಲಿ ಅವಳ ಮುಖ ಅಷ್ಟು ಅರಳಬಾರದಿತ್ತು. ಅರಳಿತು.

*

ಸೂಜಿಯ ಕೆಲಸದ ಕೋಣೆ ಬಂದರಿನ ಉಗ್ರಾಣದ ಮೇಲಿತ್ತು. ಉದ್ದಕ್ಕೆ ಚಾಚಿಕೊಂಡಿದ್ದ ಕೋಣೆ. ಅದರಲ್ಲಿ ಕುದುರೆ ಓಡಿಸಬಹುದಿತ್ತು. ಎರಡು ಕುದುರೆ ಓಡಿಸಿಯೂ ಇದ್ದೇನೆ, ಅದು ಬೇರೆ ಕತೆ. ಮೇಣ, ಟಾರು, ಒದ್ದೆ ಬಟ್ಟೆಯ ವಾಸನೆ. ನೆಲದ ತುಂಬ ಹಾಯಿ ಹಾಸಿರುತ್ತಿತ್ತು. ಅದರ ಮೇಲೆ ಸೂಜಿ ಮಂಡಿಯೂರಿ, ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು, ಇಷ್ಟಿಷ್ಟೇ ಮುಂದಕ್ಕೆ ಸರಿಯುತ್ತ ಹೊಲಿಯುತ್ತಿದ್ದ. ಬಿಳಿ ಬಯಲಿನಲ್ಲಿ ದಾರಿ ತಪ್ಪಿದ ಇರುವೆಯ ಹಾಗೆ ಕಾಣುತ್ತಿದ್ದ.

ದೋಣಿ ಕಟ್ಟಿ ನಾನು ನೇರ ಅಲ್ಲಿಗೆ ಹೋಗುತ್ತಿದ್ದೆ. ಸೂಜಿ ತಲೆ ಎತ್ತದೆ ಕೇಳುತ್ತಿದ್ದ, “ಇವತ್ತು ಆಚೆ ನೀರು ಯಾವ ಬಣ್ಣ ಇತ್ತೋ?”

“ಹಸಿರು. ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ.”

“ನಿನ್ನೆ ಕೆಂಪು ಅಂದಿದ್ದೆ.”

“ನಿನ್ನೆ ಅದಕ್ಕೆ ಸಿಟ್ಟು ಬಂದಿತ್ತು.”

“ಹಾಗಾದ್ರೆ ಸರಿ,” ಎಂದು ಅವನು ಮತ್ತೊಂದು ಹೊಲಿಗೆ ಹಾಕುತ್ತಿದ್ದ.

ನನ್ನ ಕತೆಗಳನ್ನು ಕೊನೆಯವರೆಗೂ ಕೇಳಿದವನು ಊರಿನಲ್ಲಿ ಅವನೊಬ್ಬನೇ. ಮಿಕ್ಕವರು ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ನಂಬುತ್ತಿದ್ದನೋ ಇಲ್ಲವೋ ಕಾಣೆ. ಒಮ್ಮೆ ಮಾತ್ರ ದಾರ ಕಚ್ಚಿ ತುಂಡು ಮಾಡಿ, “ಸೊನ್ನೆ, ನೀನು ನಿಜ ಹೇಳೋದು ಬೇಡ. ನಿಜ ಹೇಳಿದ್ರೆ ನಾನೇ ಹೋಗಿ ನೋಡ್ಬೇಕು ಅನ್ಸುತ್ತೆ,” ಎಂದ.

ಮಗನ ಮೊದಲ ಹಾಯಿಯನ್ನು ಅವನೇ ಹೊಲಿದ. ಎಲ್ಲರ ಹಾಯಿಗೂ ಅಂಚಿಗೆ ಎರಡು ಸಾಲು ಹೊಲಿಗೆಯಾದರೆ ಮಗನದಕ್ಕೆ ನಾಲ್ಕು ಸಾಲು. “ಭಾರ ಆಯ್ತಪ್ಪಾ,” ಎಂದು ಮಗ ನಕ್ಕ. “ಆಗ್ಲಿ ಬಿಡು,” ಎಂದ ಸೂಜಿ. ಆ ಹಾಯಿ ಮುಂದೆ ಒಂದು ದಿನ ದಡಕ್ಕೆ ತೇಲಿ ಬಂತು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

*

“ಯಾವತ್ತು?” ಎಂದು ಗುರುಗಳು ಕೇಳಿದರು. ಗುರುಮನೆಯ ಹಿರಿಯರು ಅವರು. ಎತ್ತರದ ಧ್ವನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. “ತಿಮಿಂಗಿಲ ಒಂದು ಕಡೆ ಇರಲಿ. ಅವನು ಬಂಡೆ ದಾಟಿದ ದಿನ ಯಾವುದು, ಅದನ್ನ ಹೇಳು.”

ಯಾವುದೋ ಒಂದು ಬೇಸಿಗೆಯ ಬೆಳಿಗ್ಗೆ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ‘ಯಾವುದೋ ಒಂದು ಬೆಳಿಗ್ಗೆ’ ಎಂಬ ಮಾತು ನನ್ನ ನಾಲಿಗೆಗೆ ಒಗ್ಗುವುದಿಲ್ಲ. ಕಟ್ಟೆಯ ತುಂಬ ಜನ, ಎಲ್ಲರ ಕಣ್ಣೂ ನನ್ನ ಮೇಲೆ. ಸೂಜಿಯ ಹೆಂಡತಿಯಂತೂ ಎರಡೂ ಕೈ ಎದೆಗೊತ್ತಿಕೊಂಡು ಕೇಳುತ್ತಿದ್ದಳು. ಸೂಜಿಯನ್ನು ಅಷ್ಟು ಸಣ್ಣ ಕತೆಯೊಂದಿಗೆ ಕಳಿಸಲು ಮನಸ್ಸು ಬರಲಿಲ್ಲ.

“ದೊಡ್ಡ ಬಿರುಗಾಳಿಯ ದಿನ, ಗುರುಗಳೇ! ಮಗನ ದೋಣಿ ಮಗುಚಿತು ಅಂತ ಸುದ್ದಿ ಬಂತಲ್ಲ, ಅವತ್ತೇ. ದಡದವ ಗಿಡದವ ಎಲ್ಲ ಮೂಲೆಗೆ ಎಸೆದು ಬರಿಗಾಲಲ್ಲಿ ಓಡಿ ಬಂದ. ‘ಬಿಚ್ಚೋ ದೋಣಿ’ ಅಂದ. ಮನೆಯಷ್ಟು ಎತ್ತರದ ಅಲೆ. ಹೆದರಿದ್ನಾ? ಮಗನ ಹೆಸರು ಕೂಗ್ತಾ ಹುಟ್ಟು ಹಾಕ್ತಾನೆ, ಹಾಕ್ತಾನೆ…”

“ಅಣ್ಣಾ, ಸಾಕು.”

ಸೂಜಿಯ ಹೆಂಡತಿ ಕೈ ಕೆಳಗಿಳಿಸಿದ್ದಳು. ಮುಖದಲ್ಲಿ ಬೆಳಗಿನ ಆ ಕಳೆ ಉಳಿದಿರಲಿಲ್ಲ.

“ಅವತ್ತು ಅಲ್ಲ,” ಎಂದಳು. “ಬೇರೆ ಯಾವ ದಿನ ಹೇಳಿದ್ರೂ ನಂಬ್ತಿದ್ದೆ.”

“ತಂಗೀ, ನಾನು…”

“ಅವತ್ತು ಇವರು ಹೊರಟಿದ್ರು, ನಿಜ. ಬೂಟು ಹಾಕ್ಕೊಂಡು ಎದ್ದು ನಿಂತಿದ್ರು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ್ಕೊಂಡ್ಬಿಟ್ಟೆ. ಮಗ ಹೋದ, ನೀವೂ ಹೋದ್ರೆ ನಾನ್ಯಾರ ಮುಖ ನೋಡ್ಲಿ ಅಂದೆ. ತಳ್ಳಿ ಹೋಗಬಹುದಿತ್ತು. ತಳ್ಳಲಿಲ್ಲ. ನನ್ನ ಎದುರಿಗೇ ಕೂತ್ರು. ಗಾಳಿ ನಿಲ್ಲೋವರೆಗೂ ಬೂಟು ಬಿಚ್ಚಲಿಲ್ಲ.” ಅವಳು ಹಾಯಿಬಟ್ಟೆಯ ಅಂಚನ್ನು ಸರಿಮಾಡಿದಳು, ಸರಿಯಾಗಿಯೇ ಇದ್ದ ಅಂಚನ್ನು. “ಆಮೇಲೆ ಇಷ್ಟು ವರ್ಷ ಒಟ್ಟಿಗೆ ಊಟ ಮಾಡಿದ್ವಿ. ಯಾಕೆ ತಡೆದೆ ಅಂತ ಒಂದ್ಸಲನೂ ಕೇಳ್ಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.”



“ಬೇರೆ ಯಾರಾದರೂ ಕಂಡವರು ಇದ್ದೀರಾ?” ಎಂದು ಗುರುಗಳು ಕೇಳಿದರು. ನಾಲ್ಕಾರು ಅಲೆಗಳು ಕಟ್ಟೆಗೆ ಬಡಿಯುವಷ್ಟು ಹೊತ್ತು ಕಾದರು. ಇನ್ನೂ ಸ್ವಲ್ಪ ಕಾದರು. ಯಾರಾದರೂ ಸಿಗಲೆಂದು ಅವರಿಗೂ ಆಸೆಯಿದ್ದಂತೆ ನನಗೆ ಕಂಡಿತು.

“ಗುಡ್ಡಕ್ಕೆ,” ಎಂದರು ಕೊನೆಗೆ. ನನ್ನ ಕಡೆ ತಿರುಗಿ, “ನಿನ್ನ ದೋಣಿ ಈ ಚಳಿಗಾಲ ದಡದ ಮೇಲೇ ಇರಲಿ,” ಎಂದರು. ಹೆಣದ ಮುಂದೆ ಸುಳ್ಳಾಡಿದವನಿಗೆ ಅದಕ್ಕಿಂತ ಕಡಿಮೆ ಶಿಕ್ಷೆ ನಮ್ಮ ಕಟ್ಟಳೆಯಲ್ಲಿಲ್ಲ.

*

ಗುಡ್ಡದ ಮಣ್ಣು ಕಬ್ಬಿಣದಂತೆ ಗಟ್ಟಿಯಾಗಿತ್ತು. ಮೊದಲು ಬೆಂಕಿ ಹಾಕಿ ನೆಲ ಕಾಯಿಸಬೇಕು, ಆಮೇಲೆ ಅಗೆಯಬೇಕು, ಮತ್ತೆ ಬೆಂಕಿ ಹಾಕಬೇಕು. ನಾನೂ ಗುದ್ದಲಿ ಹಿಡಿದೆ. ಉಪ್ಪಜ್ಜಿ ಪಕ್ಕದಲ್ಲಿ ನಿಂತು ಬೆಂಕಿಗೆ ಕಟ್ಟಿಗೆ ಒಟ್ಟುತ್ತಿದ್ದಳು.

“ಊರೆಲ್ಲ ಸುಳ್ಳು ಹೇಳ್ಕೊಂಡು ತಿರುಗು, ಯಾರು ಬೇಡ ಅಂದ್ರು? ಆ ದಿನಕ್ಕೇ ಯಾಕೋ ಕೈ ಹಾಕ್ದೆ?”

“ಚೆನ್ನಾಗಿ ಕಾಣ್ಲಿ ಅಂತ, ಅಜ್ಜಿ.”

“ಯಾರು? ಅವನೋ, ನೀನೋ?”

ನಾನು ಗುದ್ದಲಿ ಎತ್ತಿ ಹಾಕಿದೆ. ಗುದ್ದಲಿಯ ಬಾಯಿ ಮುರಿಯಿತು. ಇದು ನಿಜವಾಗಿಯೂ ಮುರಿಯಿತು.

ಹೆಣವನ್ನು ಗುಂಡಿಗೆ ಇಳಿಸಿದರು. ಗುಡ್ಡಕ್ಕೆ ಹೋಗುವವನಿಗೂ, ಮಣ್ಣು ಮುಚ್ಚುವ ಮೊದಲು, ಯಾರಾದರೂ ತಾವು ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ಗುರುಗಳು ಸುತ್ತ ನೋಡಿದರು. ನಾನು ಉಪ್ಪಜ್ಜಿಯ ಹಿಂದೆ ಸರಿದು ನಿಂತೆ. ಅವಳು ನನ್ನ ಅರ್ಧದಷ್ಟೂ ಇಲ್ಲ, ಮರೆಯಾಗುವುದು ಹೇಗೆ?

“ಅಣ್ಣನೇ ಹೇಳ್ಲಿ,” ಎಂದಳು ಸೂಜಿಯ ಹೆಂಡತಿ. ಸಿಟ್ಟಿನಿಂದ ಹೇಳಲಿಲ್ಲ. “ನೂರು ಸಲ ಅಂದ್ರಿ. ಅದ್ರಲ್ಲಿ ಒಂದ್ಸಲನಾದ್ರೂ ನಿಜ ಇದೆಯಾ ಅಣ್ಣಾ?”

ನನ್ನ ಬಾಯಿಗೆ ತಿಮಿಂಗಿಲಗಳು ಬಂದವು, ಹಿಮದ ಕೋಟೆಗಳು ಬಂದವು. ಒಂದೊಂದನ್ನೇ ನುಂಗಿದೆ.

“ಇಲ್ಲ ತಂಗೀ. ಅವನು ಬಂಡೆ ದಾಟಲಿಲ್ಲ. ದೋಣಿಗೆ ಇಳಿದದ್ದು ಕಂಡಿದೀನಿ. ಒಂದೇ ಸಲ.”

“ಯಾವಾಗ?”

“ಬಿರುಗಾಳಿ ನಿಂತ ಮಾರನೇ ಬೆಳಿಗ್ಗೆ. ನಾವು ಹುಡುಕಾಟದಿಂದ ಬರಿಗೈಲಿ ಬಂದಿದ್ವಿ. ಎಲ್ರೂ ಮನೆಗೆ ಹೋದ್ರು. ನನಗೆ ಕಾಲು ಬರಲಿಲ್ಲ, ಬಲೆ ರಾಶಿ ಹಿಂದೆ ಕೂತಿದ್ದೆ. ಅವನು ಬಂದ. ನೀನು ನಿದ್ದೆ ಹೋಗೋದನ್ನೇ ಕಾಯ್ತಿದ್ನೋ ಏನೋ. ಬೂಟು ಕಾಲಲ್ಲೇ ಇತ್ತು. ನನ್ನ ದೋಣಿಗಿಳಿದು ಹುಟ್ಟು ಹಾಕೋಕೆ ಶುರು ಮಾಡ್ದ.”

“ಮತ್ತೆ ದಾಟಲಿಲ್ಲ ಅಂದೆಯಲ್ಲ?” ಎಂದರು ಗುರುಗಳು.

“ಹಗ್ಗ ಬಿಚ್ಚಿರಲಿಲ್ಲ, ಗುರುಗಳೇ.”

“ಮರೆತನೇ?”

“ಇಲ್ಲ. ಹುಟ್ಟು ಹಾಕೋನು ದಡದ ಕಡೆಗೇ ಮುಖ ಮಾಡಿ ಕೂತಿರ್ತಾನೆ. ಹಗ್ಗ ಅವನ ಕಣ್ಣೆದುರಿಗೇ ಇತ್ತು. ಅದನ್ನೇ ನೋಡ್ಕೊಂಡು ಹಾಕ್ದ. ಬಿಸಿಲು ಏರೋವರೆಗೂ ಹಾಕ್ದ. ಹಗ್ಗ ಬಿಗಿದು ಕಂಬ ಕಿರ್ ಅಂತಿತ್ತು. ಆ ಚಳಿಯಲ್ಲಿ ಅವನ ಬೆನ್ನಿಂದ ಹಬೆ ಏಳ್ತಿತ್ತು. ದೋಣಿ ಅಲ್ಲೇ ಇತ್ತು.”