ಮುತ್ತವ್ವ ಬಂಡಿ ಹತ್ತಿದ್ದು

"ಸೀರಿ ಉಟ್ಟವ್ರಿಗಿಲ್ಲ ಯವ್ವಾ, ಬೋರ್ಡ್ ಹಾಕೇವಿ ನೋಡು," ಎಂದಳು ಕರುಣಾ, ರೋಲರ್ ಕೋಸ್ಟರ್ ಬಂಡಿಯ ಸಾಲಿನ ಮುಂದೆ ಬಂದು ನಿಂತಿದ್ದ ತಾಯಿಯ ಕಣ್ಣು ತಪ್ಪಿಸುತ್ತ. "ಸೆರಗು ಗಾಲ್ಯಾಗ ಸಿಕ್ಕೊಂಡ್ರ ಏನ್ ಮಾಡ್ತಿ?"

"ನಾ ಏನ್ ಪಿಚ್ಚರ್‌ನ್ಯಾಗಿನ ಹೀರೋಯಿನ್ನೇನು, ಸೆರಗು ಹಾರಿಸ್ಕೊಂತ ಕುಂದ್ರಾಕ?" ಎಂದಳು ಮುತ್ತವ್ವ.

ಹಿಂದಿದ್ದವರು ನಕ್ಕರು. ಗಾಜಿನ ಕೋಣೆಯಲ್ಲಿ ಗುಂಡಿಗಳ ಮುಂದೆ ಕೂತಿದ್ದ ಇಕ್ಬಾಲ ಕಿಟಕಿಯಿಂದ ತಲೆ ಹೊರಹಾಕಿದ. "ಮೇಡಮ್ರ, ಸಡಿಲ ಇರಬಾರ್ದು ಅಂತ ಐತ್ರಿ ಬೋರ್ಡಿನ್ಯಾಗ. ಸೀರೀನ ಬ್ಯಾಡ ಅಂತಿಲ್ಲ. ಮುಂಜಾನಿ ಇಬ್ರು ಅಕ್ಕಾರ ಸೆರಗು ನೀವ ಬಿಗದು ಕಳಸಿದ್ರಲ್ಲ."

ಕರುಣಾ ಅವನ ಕಡೆ ನೋಡಿದ ರೀತಿಗೆ ಇಕ್ಬಾಲ ತಲೆಯನ್ನು ಒಳಗೆ ಎಳೆದುಕೊಂಡ.

ಪಾರ್ಕಿನ ಕೆಲಸಗಾರರ ಮನೆಯವರನ್ನು ವರ್ಷಕ್ಕೊಮ್ಮೆ ಪುಕ್ಕಟೆ ಬಿಡುತ್ತಾರೆ. ಮುತ್ತವ್ವ ಎರಡು ವರ್ಷ ಮಂಡಿನೋವಿನ ನೆಪ ಹೇಳಿ ಮಾಳಮಡ್ಡಿಯ ಮನೆಯಲ್ಲೇ ಉಳಿದಿದ್ದಳು. ಈ ಸಲ ತಾನೇ ಹೊರಟು ನಿಂತಿದ್ದಳು. ಮಗಳು ಬೇಲೂರು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆ ಬಿಟ್ಟು ಇಲ್ಲಿ ಸೇಫ್ಟಿ ಆಫೀಸರ್ ಆದಾಗಿನಿಂದ ಓಣಿಯವರಿಗೆ ಉತ್ತರ ಕೊಟ್ಟು ಅವಳಿಗೆ ಸಾಕಾಗಿತ್ತು. "ನಿಮ್ಮ ಮಗಳು ಜೋಕಾಲಿ ತೂಗ್ತಾಳಂತಲ್ಲ" ಎಂದು ಎದುರುಮನೆಯಾಕೆ ಕೇಳಿದ್ದಳು. ಮಗಳ ಕೆಲಸ ಏನೆಂದು ಮುತ್ತವ್ವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೂತೇ ನೋಡಿಬಿಡಬೇಕು ಎಂದು ಬಂದಿದ್ದಳು.

ಬಂಡಿಯ ಹಳಿ ಒಂದು ದೊಡ್ಡ ಗುಡ್ಡದ ಸುತ್ತ ಹಾವಿನಂತೆ ಏರಿ, ತುದಿಯಿಂದ ಒಮ್ಮೆಲೇ ಕೆಳಗೆ ಧುಮುಕಿ, ಗವಿಯೊಳಗೆ ಹೊಕ್ಕು ಬರುತ್ತಿತ್ತು. ಗುಡ್ಡವೆಲ್ಲ ಫೈಬರಿನದು. ಕರಿಬಂಡೆಗಳಿಗೆ ಪಾಚಿಯ ಬಣ್ಣ ಬಳಿದಿದ್ದರು, ಬಿರುಕುಗಳಲ್ಲಿ ಪ್ಲಾಸ್ಟಿಕ್ ಬಳ್ಳಿ ಇಳಿಬಿಟ್ಟಿದ್ದರು, ಒಳಗಿಂದ ಸ್ಪೀಕರು ಗುಡುಗುತ್ತಿತ್ತು. ಸಾಲಿಗೆ ಬರುವಾಗ ಮುತ್ತವ್ವ ಬೆರಳಿನ ಗೆಣ್ಣಿನಿಂದ ಬಂಡೆಯನ್ನು ಬಡಿದು ನೋಡಿ, "ಏ ಕರುಣಿ, ಒಳಗ ಪೊಳ್ಳೈತೆಲ್ಲವಾ ಇದು!" ಎಂದು ದೊಡ್ಡದಾಗಿ ನಕ್ಕಿದ್ದಳು.

"ಸೆರಗು ಬಿಗದ್ರೂ ನಿರಿಗಿ ಸಡಿಲ ಇರ್ತಾವು," ಎಂದಳು ಕರುಣಾ. ತನ್ನ ಮಾತು ತನಗೇ ನೆಪದಂತೆ ಕೇಳಿಸಿತು.

"ನಿರಿಗೀದ ತಕರಾರೇನು? ಬರ್ತೇನಿ ತಡಿ."

ಮುತ್ತವ್ವ ಫೈಬರ್ ಬಂಡೆಯ ಹಿಂದೆ ಹೋದಳು. ಹೊರಬಂದಾಗ ಕಚ್ಚೆ ಹಾಕಿದ್ದಳು. ನಿರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆಳೆದು ಬೆನ್ನಿಗೆ ಸಿಕ್ಕಿಸಿ, ಸೆರಗನ್ನು ಟೊಂಕಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದಳು. ಒಣಗಿದ ಮೀನಖಂಡ ಬಯಲಾಗಿತ್ತು. ಒಬ್ಬ ಹುಡುಗಿ ಫೋನ್ ಎತ್ತಿದಳು, ಜೊತೆಗಿದ್ದವಳು ಅದನ್ನು ಕೆಳಗಿಳಿಸಿದಳು.

"ಅಮ್ಮಾರ, ಕುಸ್ತಿ ಅಖಾಡ ಆ ಕಡೆ ಐತ್ರಿ," ಎಂದ ಇಕ್ಬಾಲ.

"ನಿನ್ನ ಕೂಡ ಆಮ್ಯಾಲ ಆಡ್ತೇನಿ, ಸುಮ್ನ ಕುಂದ್ರೋ," ಎಂದಳು ಮುತ್ತವ್ವ.

ಕರುಣಾ ನಗಲಿಲ್ಲ. ಅವ್ವನನ್ನು ಹೀಗೆ ನೋಡಿ ಎಷ್ಟೋ ವರ್ಷವಾಗಿತ್ತು. ಚಿಕ್ಕವಳಾಗಿದ್ದ ತನ್ನನ್ನು ಕಲ್ಲಿನ ಗಣಿಯ ದಂಡೆಯಲ್ಲಿ ಬೇವಿನ ಗಿಡದ ಕೆಳಗೆ ಕೂರಿಸಿ, ಅವ್ವ ಇದೇ ಕಚ್ಚೆಯಲ್ಲಿ ಕಲ್ಲು ಹೊರಲು ಕೆಳಗೆ ಇಳಿದುಹೋಗುತ್ತಿದ್ದಳು. ಬುಟ್ಟಿ ಹೊತ್ತ ಅವಳ ತಲೆ ದಂಡೆಯ ಮೇಲೆ ಮತ್ತೆ ಕಾಣುವತನಕ ಕರುಣಾ ಆಟವಾಡುತ್ತಿರಲಿಲ್ಲ. ಉಳಿದ ಮಕ್ಕಳು ಕರೆದರೂ ಹೋಗುತ್ತಿರಲಿಲ್ಲ. ಇಳಿಜಾರಿನ ಯಾವ ಕಲ್ಲು ಅಲುಗಾಡುತ್ತದೆ ಎಂದು ನೋಡುತ್ತ ಕೂತಿರುತ್ತಿದ್ದಳು.

ಬೆಳಿಗ್ಗೆ ಈ ಬಂಡಿಯ ಗಾಲಿ, ಸರಪಳಿ, ಬೋಲ್ಟು ಒಂದೊಂದನ್ನೂ ಅವಳೇ ಮುಟ್ಟಿ ನೋಡಿದ್ದಳು. ಮೊದಲ ಸುತ್ತು ತಾನೇ ಕೂತು ಬಂದಿದ್ದಳು. ಅವಳು ಹೂಂ ಅಂದ ಮೇಲೆಯೇ ಜನ ಹತ್ತಿದ್ದು. ಆಗಿನಿಂದ ಎಷ್ಟು ಜನ ಹೋಗಿ ಬಂದರೋ, ಅವಳಿಗೆ ಏನೂ ಅನ್ನಿಸಿರಲಿಲ್ಲ. ಈಗ ಮಾತ್ರ ಹಳಿಯನ್ನು ಬುಡದಿಂದ ತುದಿಯವರೆಗೆ ಮತ್ತೊಮ್ಮೆ ನೋಡಿದಳು.

"ಇಕ್ಬಾಲ, ಒಂದ್ ಸಲ ಖಾಲಿ ಬಿಡ್ರಿ."

"ಈಗ? ಇಷ್ಟು ಮಂದಿ ನಿಂತಾರಲ್ರಿ!"

"ಬಿಡ್ರಿ ಅಂದೆ."

ಖಾಲಿ ಬಂಡಿ ಕಟಕಟ ಎನ್ನುತ್ತ ಏರಿತು. ಸಾಲಿನಲ್ಲಿ ಗೊಣಗಾಟ ಶುರುವಾಯಿತು. "ಕೆಟ್ಟೈತೇನ್ರಿ?" ಎಂದು ಯಾರೋ ಕೂಗಿದರು. ಕರುಣಾ ಕಣ್ಣು ಮುಚ್ಚಿ ಗಾಲಿಯ ಸದ್ದು ಕೇಳಿದಳು. ಎಲ್ಲಿಯೂ ತಪ್ಪಿರಲಿಲ್ಲ. ಬಂಡಿ ಬಂದು ನಿಂತ ಮೇಲೂ ಅವಳು ಗೇಟು ತೆರೆಯಲಿಲ್ಲ.

ಮುತ್ತವ್ವ ಹತ್ತಿರ ಬಂದಳು. ಮಗಳ ಮುಖವನ್ನು ಒಂದು ಗಳಿಗೆ ನೋಡಿದಳು. ದನಿ ತಗ್ಗಿಸಿ, "ಅಂಜಿಕಿ ಬಂತೇನವಾ?" ಎಂದಳು.

ಕರುಣಾ ಗೇಟಿನ ಚಿಲಕವನ್ನು ಮತ್ತೊಮ್ಮೆ ಅಲ್ಲಾಡಿಸಿ ನೋಡಿದಳು.

"ಇರ್ಲಿ ಬಿಡು. ನಂದೂ ಮಂಡಿ ಹಿಡ್ಯಾಕತ್ತೇತಿ. ಅಲ್ಲೆ ಕುಂತು ಗಿರಮಿಟ್ ತಿಂತೇನಿ, ನೀ ಅವ್ರನ್ನ ಕಳಸು." ಕಚ್ಚೆ ಬಿಚ್ಚಲು ಮುತ್ತವ್ವ ಬೆನ್ನಿನ ಕಡೆ ಕೈ ಹಾಕಿದಳು.

ಕರುಣಾ ಸಾಲಿನ ಕಡೆ ನೋಡಿದಳು. ಬುರ್ಖಾದ ತುದಿಯನ್ನು ಮೊಣಕಾಲಿನ ಕೆಳಗೆ ಗಂಟು ಹಾಕಿಕೊಂಡಿದ್ದ ಒಬ್ಬಾಕೆ ಮಗಳ ಜಡೆಯನ್ನು ಅಂಗಿಯೊಳಗೆ ತುರುಕುತ್ತಿದ್ದಳು. ಅವರ ಹಿಂದೆ ಕಾಲೇಜಿನ ಹುಡುಗರು. ಅವರ ಹಿಂದೆ ಹೊಸದಾಗಿ ಮದುವೆಯಾದವರು, ಇನ್ನೂ ಕೈಯ ಮದರಂಗಿ ಮಾಸಿರಲಿಲ್ಲ.

ಅವಳು ಅವ್ವನ ಮುಂಗೈ ಹಿಡಿದಳು. "ಬಿಚ್ಚಬ್ಯಾಡ. ನಿನ್ನ ಹತ್ತಸಲಿಲ್ಲಂದ್ರ ಯಾರ್ನೂ ಹತ್ತಸಾಕ ಬರೂದಿಲ್ಲ ನಂಗ."

ಗೇಟು ತೆರೆದಳು. ಮುತ್ತವ್ವ ಮುಂದಿನ ಸೀಟಿನಲ್ಲಿ ಕೂತು, ಬಸ್ಸಿನಲ್ಲಿ ಕೂತವಳಂತೆ ಮೈ ಒತ್ತರಿಸಿ ಪಕ್ಕದ ಹುಡುಗಿಗೆ ಜಾಗ ಮಾಡಿಕೊಟ್ಟಳು. ಕರುಣಾ ಮಂಡಿಯೂರಿದಳು. ಕಚ್ಚೆಯ ಸಿಕ್ಕು, ಟೊಂಕದ ಗಂಟು, ಕಾಲಿನ ಹತ್ತಿರದ ಅಂಚು ಎಲ್ಲವನ್ನೂ ಎಳೆದು ನೋಡಿದಳು. ತೊಡೆಯ ಮೇಲೆ ಕಂಬಿ ಇಳಿಸಿ ಲಾಕ್ ಬೀಳುವ ಸದ್ದು ಕೇಳಿದಳು, ಮೇಲಕ್ಕೆಳೆದಳು, ಮತ್ತೊಮ್ಮೆ ಎಳೆದಳು.

"ಕಚಗುಳಿ ಇಡಬ್ಯಾಡವಾ," ಎಂದಳು ಮುತ್ತವ್ವ.

ಆಮೇಲೆ ಪಕ್ಕದ ಹುಡುಗಿಯ ಕಂಬಿ. ಅದನ್ನೂ ಎರಡು ಸಲ. ಹಿಂದಿನ ಸೀಟಿನವರದು, ಅದರ ಹಿಂದಿನವರದು. ದಿನವೂ ನಡೆದಷ್ಟು ಬೇಗ ಅವಳು ನಡೆಯಲಿಲ್ಲ. ಕೊನೆಯ ಸೀಟಿನ ಹುಡುಗ, "ಆಂಟಿ, ಸಂಜಿ ಆತ್ರಿ," ಎಂದ. ಅವನ ಕಂಬಿಯನ್ನು ಇನ್ನೊಮ್ಮೆ ಎಳೆದು ನೋಡಿ, ಎದ್ದು ನಿಂತು, ಇಕ್ಬಾಲನಿಗೆ ಕೈ ತೋರಿಸಿದಳು.

ಬಂಡಿ ಏರತೊಡಗಿತು. ತುದಿಯ ತಿರುವಿನಲ್ಲಿ ಬಂಡೆಗಳು ಅಡ್ಡ ಬಂದು ಕಾಣದಾಯಿತು. ಸರಪಳಿಯ ಸದ್ದು ನಿಂತಿತು. ಮರುಕ್ಷಣ ಎಲ್ಲರೂ ಒಟ್ಟಿಗೆ ಚೀರಿದರು. ಕರುಣಾ ಕತ್ತು ಮೇಲೆತ್ತಿ ನಿಂತು, ಆ ಚೀರಾಟದಲ್ಲಿ ಅವ್ವನ ದನಿಯನ್ನು ಹುಡುಕಿದಳು. ಯಾವುದು ಯಾರದೆಂದು ಅವಳಿಗೆ ತಿಳಿಯಲಿಲ್ಲ.